ಮಾರಲ್ ಸೈನ್ಸ್ ಪೀರಿಯಡ್ಡಿನ ಗುಟ್ಟು

ನನ್ನ ಮಗಳು ಜಯನಗರದ ಕಾನ್ವೆಂಟಿನಲ್ಲಿ ಓದುತ್ತಾಳೆ. ಕ್ರೈಸ್ತ ಮಕ್ಕಳು ಕ್ಯಾಟೆಕಿಸಂ ಎಂಬ ಧರ್ಮಪಾಠಕ್ಕೆ ಹೋದರೆ ಉಳಿದವರಿಗೆ ಮಾರಲ್ ಸೈನ್ಸ್. ಹೀಗೇಕೆ? – ಓದುಗರೊಬ್ಬರು, ಬನಶಂಕರಿ

ಇದರ ಹಿಂದಿರುವುದು ಸಂವಿಧಾನದ 28ನೇ ವಿಧಿ. ಪೂರ್ತಿ ಸರ್ಕಾರಿ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆಗೆ ಜಾಗವಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಗಳಲ್ಲಿ ಕಲಿಸಬಹುದು. ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಮಕ್ಕಳ ಪರವಾಗಿ ಒಪ್ಪಬೇಕಾದವರು ಪೋಷಕರು. ಮದುವೆ ಊಟದಲ್ಲಿ ಕೈ ಅಡ್ಡ ಹಿಡಿಯದಿದ್ದರೆ ಎಲೆಗೆ ಬಡಿಸಿಯೇಬಿಡುತ್ತಾರಲ್ಲ, ಇಲ್ಲಿ ಅದರ ತಿರುಗುಮುರುಗು: ನೀವು ‘ಬಡಿಸಿ’ ಎಂದರಷ್ಟೇ ಸೌಟು ಬಗ್ಗಬೇಕು. ಆ ಹೊತ್ತಿಗೆ ಉಳಿದ ಮಕ್ಕಳನ್ನು ಸುಮ್ಮನೆ ಕೂರಿಸಲಾದೀತೆ? ಅದಕ್ಕೇ ಮಾರಲ್ ಸೈನ್ಸ್. ಅಂದಹಾಗೆ, ಶಾಲೆಯೊಳಗಿನ ಧಾರ್ಮಿಕ ಪ್ರಾರ್ಥನೆಗೂ ಇದೇ ನಿಯಮ; ಈ ಮಾತು ಶಾಲಾ ಪ್ರವೇಶದ ಅರ್ಜಿ ತುಂಬುವ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.