ಲ್ಯಾಪ್‌ಟಾಪ್‌ಗೆ ಚಲನಚಿತ್ರ ನಕಲಿಸುವಿಕೆ ಮತ್ತು ಯಂತ್ರಾಂಶ ವಿವರಗಳು

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಮೊಬೈಲಿನಲ್ಲಿರುವ ಚಲನಚಿತ್ರದ ಕಡತವನ್ನು ಲ್ಯಾಪ್‌ಟಾಪ್‌ನ ಸಂಗ್ರಹಕ್ಕೆ ವರ್ಗಾಯಿಸುವ ಕ್ರಿಯೆಯನ್ನು ಚಲನಚಿತ್ರ ನಕಲಿಸುವಿಕೆ ಎನ್ನಲಾಗುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದು ‘ಪಿಚ್ಚರ್ ಹಾಕಿಸ್ಕೊಳ್ಳೂದು’. ನೋಡಲು ಇದು ಸರಳ ಕೆಲಸ. ಆದರೆ ನಕಲು ಎಷ್ಟು ಹೊತ್ತು ಹಿಡಿಯುತ್ತದೆ, ಕಡತ ಡಿಸ್ಕಿನಲ್ಲಿ ಹಿಡಿಸುತ್ತದೆಯೇ, ನಕಲಾದ ಚಿತ್ರ ತಡವರಿಸದೆ ಓಡುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿರುವುದು ಗಣಕದ ಯಂತ್ರಾಂಶ ವಿವರಪಟ್ಟಿಯಲ್ಲಿ. ಹೊಸ ಅಥವಾ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲಿ ಕೇಳುವ ‘ಐ5’, ‘8 ಜಿಬಿ’, ‘512 ಎಸ್‌ಎಸ್‌ಡಿ’ ಎಂಬ ಪದಗಳು ಇದೇ ಪಟ್ಟಿಗೆ ಸೇರಿದವು.

ಪ್ರಾದೇಶಿಕ ಹಿನ್ನೆಲೆ

ವಿಜಯಪುರ ನಗರವು ಅದೇ ಹೆಸರಿನ ಜಿಲ್ಲೆಯ ಕೇಂದ್ರ. 2014ರ ನವೆಂಬರ್ 1ರವರೆಗೆ ಇದರ ಅಧಿಕೃತ ಹೆಸರು ಬಿಜಾಪುರ. ನಗರದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ತಿಕೋಟಾ, ನೈಋತ್ಯಕ್ಕೆ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ ಇವೆ. ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ಇವೆರಡೂ 2017–18ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಬಂದವು.

ಇಂಥ ಊರುಗಳಲ್ಲಿ ಮನೆಯಲ್ಲಿ ಚಿತ್ರ ನೋಡುವ ಬಗೆ ಎರಡು ದಶಕಗಳಲ್ಲಿ ಹಲವು ರೂಪ ತಳೆದಿದೆ. ವಿಸಿಡಿ ಕಾಲದಲ್ಲಿ ಒಂದು ತಟ್ಟೆಗೆ ಸುಮಾರು 74ರಿಂದ 80 ನಿಮಿಷಗಳ ಚಿತ್ರ ಮಾತ್ರ ಹಿಡಿಯುತ್ತಿದ್ದುದರಿಂದ ಕನ್ನಡ ಚಿತ್ರವೊಂದು ಎರಡು ಅಥವಾ ಮೂರು ತಟ್ಟೆಗಳಲ್ಲಿ ಬರುತ್ತಿತ್ತು. ಬಳಿಕ ಡಿವಿಡಿ, ಅದರ ನಂತರ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡ್ ತುಂಬಿಸಿಕೊಳ್ಳುವ ರೂಢಿ ಬಂದವು. 2016ರ ನಂತರ ಮೊಬೈಲ್ ಅಂತರ್ಜಾಲ ಅಗ್ಗವಾದರೂ ನಕಲು ಮಾಡುವ ಅಭ್ಯಾಸ ನಿಂತಿಲ್ಲ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಯೋಜನೆಯಲ್ಲಿ 5.6 ಜಿಬಿಯ ಒಂದು ಚಿತ್ರವನ್ನು ಇಳಿಸಿಕೊಳ್ಳಲು ನಾಲ್ಕು ದಿನದ ಪಾಲು ಬೇಕು. ಪೆನ್‌ಡ್ರೈವ್‌ನಿಂದಾದರೆ ಕೆಲವೇ ನಿಮಿಷಗಳ ಮಾತು. ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಬೇರೆ ಬೇರೆ ಯೋಜನೆಗಳಡಿ ಲ್ಯಾಪ್‌ಟಾಪ್ ಹಂಚಿದ ಮೇಲೆ ಅನೇಕ ಮನೆಗಳಲ್ಲಿ ಓದಿನ ಯಂತ್ರವೇ ಮನರಂಜನೆಯ ಯಂತ್ರವೂ ಆಯಿತು.

ಕಡತದ ಗಾತ್ರ

ಚಿತ್ರದ ಗಾತ್ರವನ್ನು ನಿರ್ಧರಿಸುವುದು ಅದರ ಅವಧಿ ಮತ್ತು ಬಿಟ್ ದರ. ಬಿಟ್ ದರವೆಂದರೆ ಚಿತ್ರದ ಒಂದು ಸೆಕೆಂಡಿಗೆ ವ್ಯಯವಾಗುವ ದತ್ತಾಂಶ. ಎರಡೂವರೆ ಗಂಟೆಯ ಚಿತ್ರದಲ್ಲಿ 9,000 ಸೆಕೆಂಡುಗಳಿವೆ. ಸೆಕೆಂಡಿಗೆ 5 ಮೆಗಾಬಿಟ್ ದರವಿದ್ದರೆ ಒಟ್ಟು 45,000 ಮೆಗಾಬಿಟ್. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಇದು 5,625 ಮೆಗಾಬೈಟ್, ಅಂದರೆ ಸುಮಾರು 5.6 ಗಿಗಾಬೈಟ್. ಅದೇ ಚಿತ್ರವನ್ನು 2 ಮೆಗಾಬಿಟ್ ದರಕ್ಕೆ ಕುಗ್ಗಿಸಿದರೆ 2.25 ಗಿಗಾಬೈಟ್ ಆಗುತ್ತದೆ. ಹಿಂದೆ ಎಲ್ಲೆಡೆ ಕಾಣುತ್ತಿದ್ದ ‘700 ಎಂಬಿ’ ಕಡತಗಳು ಒಂದು ಸಿಡಿಯಲ್ಲಿ ಹಿಡಿಸಲೆಂದೇ ಕುಗ್ಗಿಸಿದವು. ಅವುಗಳ ದರ 1 ಮೆಗಾಬಿಟ್‌ಗೂ ಕಡಿಮೆ, ಆದ್ದರಿಂದಲೇ ವೇಗದ ದೃಶ್ಯಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು.

ಬಿಟ್ ಮತ್ತು ಬೈಟ್‌ಗಳ ಗೊಂದಲ ಬಹಳ ಸಾಮಾನ್ಯ. ಅಂತರ್ಜಾಲ ಸಂಪರ್ಕದ ವೇಗವನ್ನು ಮೆಗಾಬಿಟ್‌ನಲ್ಲಿಯೂ ಕಡತದ ಗಾತ್ರವನ್ನು ಮೆಗಾಬೈಟ್‌ನಲ್ಲಿಯೂ ಹೇಳುವುದರಿಂದ ಎಂಟು ಪಟ್ಟಿನ ವ್ಯತ್ಯಾಸ ಬೀಳುತ್ತದೆ.

ಇನ್ನೊಂದು ಗೊಂದಲ ಡಿಸ್ಕಿನ ಅಳತೆಯದು. ತಯಾರಕರು ಒಂದು ಗಿಗಾಬೈಟನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಅದನ್ನು 2ರ 30ನೇ ಘಾತವಾಗಿ, ಅಂದರೆ 107,37,41,824 ಬೈಟ್ ಎಂದು ಲೆಕ್ಕ ಹಾಕುತ್ತದೆ. ಹೀಗಾಗಿ 64 ಜಿಬಿ ಪೆನ್‌ಡ್ರೈವ್ ಗಣಕದಲ್ಲಿ ಸುಮಾರು 59.6, 512 ಜಿಬಿ ಡಿಸ್ಕ್ ಸುಮಾರು 476, 1 ಟಿಬಿ ಡಿಸ್ಕ್ ಸುಮಾರು 931 ಎಂದು ತೋರುತ್ತದೆ. ಇದರಲ್ಲಿ ಅಂಗಡಿಯವರ ಮೋಸವೇನೂ ಇಲ್ಲ.

ನಕಲಿನ ವೇಗ

ನಕಲಿನ ದಾರಿಯಲ್ಲಿ ಮೂರು ಹಂತಗಳಿವೆ: ಮೂಲ ಸಾಧನದಿಂದ ಓದುವುದು, ಯುಎಸ್‌ಬಿ ಮೂಲಕ ಸಾಗಿಸುವುದು, ಲ್ಯಾಪ್‌ಟಾಪ್‌ನ ಡಿಸ್ಕಿನಲ್ಲಿ ಬರೆಯುವುದು. ಇವುಗಳಲ್ಲಿ ಯಾವುದು ಅತಿ ನಿಧಾನವೋ ಅದೇ ಇಡೀ ಕೆಲಸದ ವೇಗವಾಗುತ್ತದೆ. ಕಾಲುವೆಯ ಒಂದೆಡೆ ತೂಬು ಕಿರಿದಾಗಿದ್ದರೆ ಕೆಳಗಿನ ಹೊಲಕ್ಕೆ ಅಷ್ಟೇ ನೀರು.

2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಬಳಕೆಯಲ್ಲಿ ಇದು ಸುಮಾರು 30ರಿಂದ 40 ಮೆಗಾಬೈಟ್ ಆಗುತ್ತದೆ. 2008ರ ಯುಎಸ್‌ಬಿ 3.0ರ ವೇಗ 5 ಗಿಗಾಬಿಟ್. ಇದೇ ಮುಂದೆ ‘3.1 ಜೆನ್ 1’, ‘3.2 ಜೆನ್ 1’ ಎಂದು ಹೆಸರು ಬದಲಿಸಿಕೊಂಡಿತು. ವೇಗ ಮಾತ್ರ ಬದಲಾಗಲಿಲ್ಲ. ಕೊಳ್ಳುವವರನ್ನು ಇಷ್ಟು ಅನವಶ್ಯಕವಾಗಿ ಗೊಂದಲಕ್ಕೆ ದೂಡಿದ ನಾಮಕರಣ ಗಣಕ ಕ್ಷೇತ್ರದಲ್ಲಿ ಬೇರೊಂದು ಸಿಗುವುದು ಕಷ್ಟ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ 3.0 ಕಿಂಡಿಯ ಒಳಭಾಗ ನೀಲಿಯಾಗಿರುತ್ತದೆ, ಆದರೆ ಬಣ್ಣ ಕಡ್ಡಾಯವಲ್ಲ.

ಮೇಲಿನ 5.6 ಜಿಬಿ ಕಡತವು ಸೆಕೆಂಡಿಗೆ 30 ಮೆಗಾಬೈಟ್ ವೇಗದಲ್ಲಿ ಮೂರು ನಿಮಿಷಕ್ಕೆ ಮುಗಿದರೆ, 100 ಮೆಗಾಬೈಟ್ ವೇಗದಲ್ಲಿ ಒಂದು ನಿಮಿಷವೂ ಹಿಡಿಯುವುದಿಲ್ಲ. ಅಗ್ಗದ ಪೆನ್‌ಡ್ರೈವ್‌ಗಳು ಓದುವಾಗ ಚುರುಕಾಗಿದ್ದರೂ ಬರೆಯುವಾಗ ಸೆಕೆಂಡಿಗೆ 10 ಮೆಗಾಬೈಟ್‌ನ ಆಸುಪಾಸಿಗೆ ಇಳಿಯುವುದುಂಟು. ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್‌ಗೆ ಬೇಗ ಬಂದ ಚಿತ್ರವನ್ನು ಮರಳಿ ಅದೇ ಪೆನ್‌ಡ್ರೈವ್‌ಗೆ ಹಾಕುವಾಗ ಒಂಬತ್ತು ಹತ್ತು ನಿಮಿಷ ಬೇಕಾಗುವುದು ಈ ಕಾರಣಕ್ಕೆ. ನೂರಾರು ಸಣ್ಣ ಹಾಡಿನ ಕಡತಗಳ ನಕಲು ಅಷ್ಟೇ ಗಾತ್ರದ ಒಂದು ಚಿತ್ರಕ್ಕಿಂತ ನಿಧಾನ, ಏಕೆಂದರೆ ಪ್ರತಿ ಕಡತಕ್ಕೂ ಹೆಸರು, ಸ್ಥಳ ಮೊದಲಾದ ದಾಖಲೆಯನ್ನು ಬೇರೆಬೇರೆಯಾಗಿ ಬರೆಯಬೇಕು.

ಪೆನ್‌ಡ್ರೈವ್‌ಗೆ ಬರೆಯುತ್ತಿರುವಾಗಲೇ ಅದನ್ನು ಕಿತ್ತರೆ ಕಡತ ಅರ್ಧಕ್ಕೆ ನಿಲ್ಲುವುದಲ್ಲದೆ ಮೊದಲೇ ಇದ್ದ ಕಡತಗಳೂ ಹಾಳಾಗಬಹುದು. 2018ರ ನಂತರದ ವಿಂಡೋಸ್ 10 ಆವೃತ್ತಿಗಳು ದತ್ತಾಂಶವನ್ನು ತಡಮಾಡದೆ ಬರೆಯುವ ವ್ಯವಸ್ಥೆಯನ್ನು ಸಹಜ ಆಯ್ಕೆಯಾಗಿ ಮಾಡಿಕೊಂಡಿವೆ. ಲಿನಕ್ಸ್‌ನಲ್ಲಿ ಹಾಗಲ್ಲ, ಪಟ್ಟಿ ಪೂರ್ತಿಯಾದಂತೆ ಕಂಡರೂ ಬರವಣಿಗೆ ಒಳಗೆ ನಡೆಯುತ್ತಿರಬಹುದು. ‘ಇಜೆಕ್ಟ್’ ಮಾಡಿ ತೆಗೆಯುವುದು ಎರಡಕ್ಕೂ ಕ್ಷೇಮ.

ನಾಲ್ಕು ಗಿಗಾಬೈಟ್‌ನ ಮಿತಿ

ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿಯಿದ್ದರೂ 5.6 ಜಿಬಿಯ ಚಿತ್ರ ‘ಕಡತ ತೀರ ದೊಡ್ಡದು’ ಎಂಬ ಸಂದೇಶದೊಂದಿಗೆ ನಿಲ್ಲಬಹುದು. ಆ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿದೆ ಎಂದು ಇದರರ್ಥ. ಈ ವ್ಯವಸ್ಥೆಯು ಕಡತದ ಗಾತ್ರವನ್ನು 32 ಬಿಟ್‌ಗಳ ಸಂಖ್ಯೆಯಾಗಿ ದಾಖಲಿಸುತ್ತದೆ. ಆದ್ದರಿಂದ ಒಂದು ಕಡತ 4 ಗಿಗಾಬೈಟ್‌ಗೆ ಒಂದು ಬೈಟ್ ಕಡಿಮೆಯಷ್ಟೇ ಇರಬಲ್ಲದು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ಅಥವಾ ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಗೆ ಬದಲಾಯಿಸಿದರೆ ಈ ಮಿತಿ ಹೋಗುತ್ತದೆ. ಹೀಗೆ ಬದಲಾಯಿಸುವುದೆಂದರೆ ‘ಫಾರ್ಮ್ಯಾಟ್’ ಮಾಡುವುದು. ಒಳಗಿರುವುದೆಲ್ಲ ಅಳಿಯುವುದರಿಂದ ಮೊದಲು ಬೇರೆಡೆ ನಕಲಿಸಿಡಬೇಕು. ಕೆಲವು ಹಳೆಯ ಟಿವಿಗಳು ಫ್ಯಾಟ್32 ಬಿಟ್ಟು ಬೇರೆಯದನ್ನು ಓದುವುದಿಲ್ಲ ಎಂಬುದೂ ಗಮನದಲ್ಲಿರಬೇಕು.

ವಿವರಪಟ್ಟಿಯನ್ನು ಓದುವ ಬಗೆ

‘ಮೆಮೊರಿ ಎಷ್ಟಿದೆ?’ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಚಿತ್ರಗಳು ಕೂಡಿಡಲ್ಪಡುವುದು ಸಂಗ್ರಹದಲ್ಲಿ, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ರ‍್ಯಾಮ್ ಎಂಬುದು ಕೆಲಸ ನಡೆಯುವಾಗಿನ ತಾತ್ಕಾಲಿಕ ಜಾಗ. ಯಂತ್ರ ಆರಿದೊಡನೆ ಅದು ಬರಿದಾಗುತ್ತದೆ. ಕಣಜವನ್ನೂ ಕಣವನ್ನೂ ಹೋಲಿಸಿದರೆ ಈ ಭೇದ ತಿಳಿಯುತ್ತದೆ. 5.6 ಜಿಬಿಯ ಚಿತ್ರ ನೋಡಲು ಅಷ್ಟೇ ರ‍್ಯಾಮ್ ಬೇಕೆಂಬುದು ತಪ್ಪು ತಿಳಿವಳಿಕೆ. ಚಿತ್ರ ತೋರಿಸುವ ತಂತ್ರಾಂಶ ಕಡತವನ್ನು ತುಸುತುಸುವೇ ಓದಿಕೊಳ್ಳುತ್ತದೆ. 8 ಜಿಬಿ ರ‍್ಯಾಮ್ ವಿದ್ಯಾರ್ಥಿಯ ಸಾಮಾನ್ಯ ಕೆಲಸಗಳಿಗೆ ಸಾಕು. 4 ಜಿಬಿಯದರಲ್ಲಿ ಬ್ರೌಸರ್ ತೆರೆದೊಡನೆ ಯಂತ್ರ ಏದುಸಿರು ಬಿಡುತ್ತದೆ. ರ‍್ಯಾಮ್ ಅನ್ನು ಮದರ್‌ಬೋರ್ಡ್‌ಗೆ ಬೆಸೆದಿದ್ದರೆ ಮುಂದೆ ಹೆಚ್ಚಿಸಲಾಗದು. ಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿಯಬೇಕು.

ಸಂಗ್ರಹದ ವಿಷಯದಲ್ಲಿ ಗಾತ್ರಕ್ಕಿಂತ ಬಗೆ ಮುಖ್ಯ. ತಿರುಗುವ ತಟ್ಟೆಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಓದಿದರೆ ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು, ಎನ್‌ವಿಎಂಇ ಎಸ್‌ಎಸ್‌ಡಿ ಅದರ ಹಲವು ಪಟ್ಟು ಓದುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಜೀವ ಕೊಡಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಸಂಸ್ಕಾರಕದ ಹೆಸರಿನಲ್ಲಿ ಜನ ಹೆಚ್ಚಾಗಿ ಮೋಸಹೋಗುತ್ತಾರೆ. ‘ಐ3’, ‘ಐ5’, ‘ಐ7’ ಎಂಬುವು ಒಂದೇ ಪೀಳಿಗೆಯೊಳಗಿನ ದರ್ಜೆಗಳಷ್ಟೇ. ಮುಂದಿನ ಅಂಕಿಗಳೇ ಪೀಳಿಗೆಯನ್ನು ಹೇಳುತ್ತವೆ. ಐ5-7200ಯು ಏಳನೆಯ ಪೀಳಿಗೆಯದು. ಅದರಲ್ಲಿರುವುದು ಎರಡು ಕೋರ್. ಐ3-1215ಯು ಹನ್ನೆರಡನೆಯ ಪೀಳಿಗೆಯದು. ಅದರಲ್ಲಿ ಆರು ಕೋರ್‌ಗಳಿವೆ. ದರ್ಜೆ ಕೆಳಗಿನದಾದರೂ ಎರಡನೆಯದೇ ಬಲಶಾಲಿ. ಕೊನೆಯ ‘ಯು’ ಕಡಿಮೆ ವಿದ್ಯುತ್ತಿನ, ‘ಎಚ್’ ಹೆಚ್ಚು ಸಾಮರ್ಥ್ಯದ ಸೂಚಕ. ಎಎಂಡಿಯ ರೈಝನ್ 5 7520ಯುನಲ್ಲಿ ಮೊದಲ 7 ಎಂಬುದು 2023ರ ಮಾದರಿ ವರ್ಷವನ್ನೂ ಮೂರನೆಯ ಅಂಕಿ 2 ಎಂಬುದು ಅದರೊಳಗಿನ ಹಳೆಯ ಝೆನ್ 2 ವಿನ್ಯಾಸವನ್ನೂ ಸೂಚಿಸುತ್ತದೆ. ಹೊಸ ಡಬ್ಬಿಯಲ್ಲಿ ಹಳೆಯ ಸರಕು.

ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ದ್ರಾಕ್ಷಿ ಬೆಳೆಗೆ ಹೆಸರಾದ ತಿಕೋಟಾ ಭಾಗದಲ್ಲಿ ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ತರುವ ಕುಟುಂಬಕ್ಕೆ ಅದು ಒಂದು ಹಂಗಾಮಿನ ಉಳಿತಾಯವಾಗಿರಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ಅಥವಾ ಮೇಲಿನ ಪೀಳಿಗೆಯನ್ನು. ಆದ್ದರಿಂದ ಆರನೆಯ ಪೀಳಿಗೆಯ ‘ಐ7’ ಕಡಿಮೆ ಬೆಲೆಗೆ ಸಿಕ್ಕರೂ ಲಿನಕ್ಸ್ ಬಳಸಲು ಸಿದ್ಧರಿಲ್ಲದವರಿಗೆ ಅದು ಒಳ್ಳೆಯ ವ್ಯಾಪಾರವಲ್ಲ. ಮಾರುವವರ ಮಾತನ್ನೇ ನಂಬಬೇಕಾಗಿಯೂ ಇಲ್ಲ: ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಪರ್ಫಾರ್ಮೆನ್ಸ್’ ವಿಭಾಗ ತೆರೆದರೆ ಸಂಸ್ಕಾರಕದ ಪೂರ್ಣ ಹೆಸರು, ರ‍್ಯಾಮ್‌ನ ಪ್ರಮಾಣ, ಡಿಸ್ಕಿನ ಬಗೆ ಎಲ್ಲವೂ ಕಾಣುತ್ತವೆ.

ಚಿತ್ರ ತಡವರಿಸುವುದಕ್ಕೆ ಕಾರಣ

ಕಡತ ಸರಿಯಾಗಿ ನಕಲಾಗಿಯೂ ಮಾತು ಮುಂದೆ ಹೋಗಿ ದೃಶ್ಯ ಹಿಂದೆ ಉಳಿದರೆ ದೋಷ ಬಹುಪಾಲು ಸಂಕೋಚನ ವಿಧಾನದ್ದು. 2003ರ ಎಚ್.264 ವಿಧಾನವನ್ನು ಇಂದಿನ ಎಲ್ಲ ಯಂತ್ರಗಳೂ ಸಲೀಸಾಗಿ ಬಿಡಿಸುತ್ತವೆ. 2013ರ ಎಚ್‌ಇವಿಸಿಯು ಅದೇ ಗುಣಮಟ್ಟವನ್ನು ಸುಮಾರು ಅರ್ಧ ಗಾತ್ರದಲ್ಲಿ ಕೊಡುತ್ತದೆ, ಆದರೆ ಬಿಡಿಸುವ ಲೆಕ್ಕ ಕಠಿಣ. ಇಂಟೆಲ್‌ನ ಆರನೆಯ ಪೀಳಿಗೆಯಿಂದ 8 ಬಿಟ್, ಏಳನೆಯದರಿಂದ 10 ಬಿಟ್ ಎಚ್‌ಇವಿಸಿಯನ್ನು ಚಿಪ್ಪಿನೊಳಗಿನ ಪ್ರತ್ಯೇಕ ಭಾಗವೇ ಬಿಡಿಸುತ್ತದೆ. ಎವಿ1 ವಿಧಾನಕ್ಕೆ ಹನ್ನೊಂದನೆಯ ಪೀಳಿಗೆ ಬೇಕು. ಆ ಭಾಗವಿಲ್ಲದ ಯಂತ್ರದಲ್ಲಿ ಸಂಸ್ಕಾರಕವೇ ಹೊರೆ ಹೊರಬೇಕಾಗಿ ಫ್ಯಾನು ಭೋರ್ಗರೆಯುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರದಲ್ಲಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಾಳಿಕಿಂಡಿ ಮುಚ್ಚಿದರೆ ಬಿಸಿ ತಾಳದೆ ಸಂಸ್ಕಾರಕ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಪರದೆಯನ್ನೂ ನೋಡಬೇಕು. 1366×768 ಪರದೆಯಲ್ಲಿರುವ ಬಿಂದುಗಳು 1920×1080 ಚಿತ್ರದ ಅರ್ಧದಷ್ಟು ಮಾತ್ರ. ಅಂಥ ಪರದೆಗೆ 4ಕೆ ಚಿತ್ರ ನಕಲಿಸುವುದು ಜಾಗದ ಅಪವ್ಯಯ.

ನಕಲಿ ಸಾಧನಗಳು ಮತ್ತು ಕುತಂತ್ರಾಂಶ

ಸಂತೆಯ ಬೆಲೆಗೆ ಸಿಗುವ ‘1 ಟಿಬಿ’ ಅಥವಾ ‘2 ಟಿಬಿ’ ಪೆನ್‌ಡ್ರೈವ್‌ಗಳಲ್ಲಿ ಅನೇಕವು ನಕಲಿ. ಒಳಗಿರುವುದು 16 ಅಥವಾ 32 ಜಿಬಿಯ ಚಿಪ್ಪಾದರೂ ಗಣಕಕ್ಕೆ ದೊಡ್ಡ ಸಂಖ್ಯೆ ಹೇಳುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ನಕಲಿಸಿದ ಕಡತಗಳ ಹೆಸರು ಕಾಣುತ್ತದೆ, ಕಡತ ತೆರೆಯುವುದಿಲ್ಲ. ಮದುವೆಯ ವಿಡಿಯೊ, ಮಕ್ಕಳ ಛಾಯಾಚಿತ್ರಗಳು ಹೀಗೆ ಮರಳಿ ಬಾರದಂತೆ ಕಳೆದುಹೋಗುತ್ತವೆ. ವಿಂಡೋಸ್‌ನ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನ ಎಫ್3 ಎಂಬ ಉಚಿತ ತಂತ್ರಾಂಶಗಳು ಸಾಧನವನ್ನು ಪೂರ್ತಿ ತುಂಬಿ, ಮತ್ತೆ ಓದಿ, ನಿಜವಾದ ಗಾತ್ರವನ್ನು ತಿಳಿಸುತ್ತವೆ.

ಹಲವು ಗಣಕಗಳಲ್ಲಿ ಸುತ್ತಿದ ಪೆನ್‌ಡ್ರೈವ್ ವೈರಸ್ ಹೊತ್ತು ತರುವುದು ಸಾಮಾನ್ಯ. ವಿಂಡೋಸ್ ಕಡತದ ಹೆಸರಿನ ಕೊನೆಯ ವಿಸ್ತರಣೆಯನ್ನು ಸಹಜವಾಗಿ ಮರೆಮಾಡುವುದರಿಂದ ‘ಎಂಪಿ4’ ಎಂದು ಕಾಣುವ ಕಡತದ ಹಿಂದೆ ‘ಇಎಕ್ಸ್‌ಇ’ ಅಡಗಿರಬಹುದು. ಎರಡೂವರೆ ಗಂಟೆಯ ಚಿತ್ರವೆಂದು ಹೇಳಿಕೊಳ್ಳುವ ಕಡತ 2 ಎಂಬಿ ಇದ್ದರೆ ಅದು ಚಿತ್ರವಲ್ಲ.

ಹಕ್ಕುಸ್ವಾಮ್ಯ

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಆ ಅವಧಿಯಲ್ಲಿ ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವುದು, ಮಾರುವುದು ಅಪರಾಧ. ಕಾಯ್ದೆಯ 63ನೇ ಕಲಮು ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡವನ್ನು ಹೇಳುತ್ತದೆ. ‘ಗೂಂಡಾ ಕಾಯ್ದೆ’ ಎಂದೇ ಪರಿಚಿತವಾದ ಕರ್ನಾಟಕದ 1985ರ ಮುಂಜಾಗ್ರತಾ ಬಂಧನ ಕಾಯ್ದೆಯ ವ್ಯಾಪ್ತಿಯಲ್ಲಿ ವಿಡಿಯೊ ಮತ್ತು ಆಡಿಯೊ ಚೋರರೂ ಬರುತ್ತಾರೆ. ಚಂದಾ ಸೇವೆಗಳ ಆ್ಯಪ್‌ನಲ್ಲಿ ಇಳಿಸಿಕೊಂಡ ಚಿತ್ರಗಳು ಗೂಢಲಿಪೀಕರಣಗೊಂಡಿರುವುದರಿಂದ ಆ ಆ್ಯಪ್‌ನ ಹೊರಗೆ ನಕಲಾದರೂ ತೆರೆಯುವುದಿಲ್ಲ.

ಅವಧಿ ಮುಗಿದ ಚಿತ್ರಗಳ ವಿಷಯ ಬೇರೆ. ರಾಜಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರ ಬೇಡರ ಕಣ್ಣಪ್ಪ 1954ರದು. ಅದರ ಹಕ್ಕಿನ ಅವಧಿ 2014ರ ಕೊನೆಗೆ ಮುಗಿದಿದೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ಬಿ. ಎಸ್. ರಂಗಾ ನಿರ್ದೇಶನದ ಅಮರಶಿಲ್ಪಿ ಜಕಣಾಚಾರಿ 1964ರದಾದ್ದರಿಂದ 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಿನ ಸಾಲಿಗೆ ಬಂದಿದೆ. ಆದರೆ ಚಿತ್ರದೊಳಗಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುವುದರಿಂದ ಹಾಡುಗಳನ್ನು ಬೇರ್ಪಡಿಸಿ ಬಳಸುವವರು ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನದ ಹಕ್ಕಿನ ಅವಧಿಯೂ ಎಂದೋ ಮುಗಿದಿದೆ, ಆದರೆ ನಕಲಿಸಲು ಅದರ ಒಂದು ಪ್ರತಿಯೂ ಉಳಿದಿಲ್ಲ.