ಬಾಲೇವಾಡಿಯಲ್ಲೊಂದು ತವರಿನ ಅಂಗಳ



ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮುಂಬೈಗೆ ಹೋಗುವ ಬಸ್ಸು ಪುಣೆಯ ಪಶ್ಚಿಮದ ಅಂಚಿನಲ್ಲಿ ಬಾಲೇವಾಡಿಯನ್ನು ದಾಟುತ್ತದೆ. ಹೆದ್ದಾರಿಯ ಪಕ್ಕದಲ್ಲೇ ಇರುವ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರೊಳಗಿನ ಬ್ಯಾಡ್ಮಿಂಟನ್ ಸಭಾಂಗಣಕ್ಕೂ ಕನ್ನಡಿಗರಿಗೂ ಒಂದು ನಂಟಿದೆ. ಇವತ್ತು ಆ ಕಥೆ.

1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಈ ಸಂಕೀರ್ಣ ಎದ್ದು ನಿಂತಿತು. ನಮ್ಮ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣದ ಕಥೆಯೂ ಇಂಥದ್ದೇ. ಅದು ಹುಟ್ಟಿದ್ದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ. ಕೂಟ ಮುಗಿದು ಅತಿಥಿಗಳು ಊರಿಗೆ ಹೋದ ಮೇಲೆ ಇಂಥ ಕಟ್ಟಡ ಏನು ಮಾಡಬೇಕು? ಪ್ರಶ್ನೆ ಸಣ್ಣದಲ್ಲ. ಕಟ್ಟಿದ್ದು ಜನರ ದುಡ್ಡಿನಿಂದ ತಾನೆ!

ಬಾಲೇವಾಡಿಗೆ ಮತ್ತೆ ದೊಡ್ಡ ಹಬ್ಬ ಬಂದದ್ದು 2008ರ ಅಕ್ಟೋಬರ್‌ನಲ್ಲಿ, ಕಾಮನ್‌ವೆಲ್ತ್ ಯುವ ಕ್ರೀಡಾಕೂಟದ ರೂಪದಲ್ಲಿ. ಅದರ ಬೆನ್ನಿಗೇ ವಿಶ್ವ ಜೂನಿಯರ್ ಬ್ಯಾಡ್ಮಿಂಟನ್. ಫೈನಲ್‌ನಲ್ಲಿ ಜಪಾನಿನ ಸಯಾಕ ಸಾಟೊ ಅವರನ್ನು ಸೋಲಿಸಿದ ಸೈನಾ ನೆಹ್ವಾಲ್, ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ತಮಾಷೆ ನೋಡಿ, 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಈ ಆಟವನ್ನು 'ಪೂನಾ' ಎಂದೂ ಕರೆಯುತ್ತಿದ್ದರು. ಊರಿನ ಹೆಸರಿನ ಆಟಕ್ಕೆ ಊರಲ್ಲೇ ಕಿರೀಟ!

ಬ್ಯಾಡ್ಮಿಂಟನ್‌ಗೆ ಮುಚ್ಚಿದ ಸಭಾಂಗಣವೇ ಏಕೆ ಬೇಕು? ಶಟಲ್ ತೂಗುವುದು ಸುಮಾರು 5 ಗ್ರಾಂ, ಅದರಲ್ಲಿ 16 ಗರಿಗಳು. ಸಣ್ಣ ಗಾಳಿ ಬೀಸಿದರೂ ದಾರಿ ತಪ್ಪುತ್ತದೆ. ಹಾಗಾಗಿ ನಾಲ್ಕೂ ಕಡೆ ಗೋಡೆ, ಎತ್ತರದ ಸೂರು, ಸಮತಟ್ಟಾದ ನೆಲ ಬೇಕು. ಅಂಥ ನೆಲದ ಮೇಲೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್ ಹಾಸಿದರೆ ಕಬಡ್ಡಿ ಅಂಕಣ ಸಿದ್ಧ. ಹೀಗೆ ಈ ಸಭಾಂಗಣ ಪ್ರೊ ಕಬಡ್ಡಿಗೂ ಮನೆಯಾಯಿತು, ಪುಣೇರಿ ಪಲ್ಟನ್‌ಗೆ ತವರಾಯಿತು.

ಈಗ ನಮ್ಮ ನಂಟಿಗೆ ಬರೋಣ. 2018ರ ನವೆಂಬರ್‌ನಲ್ಲಿ ಬೆಂಗಳೂರು ಬುಲ್ಸ್ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ಬೆಂಗಳೂರಿನಲ್ಲಲ್ಲ, ಇಲ್ಲೇ ಬಾಲೇವಾಡಿಯಲ್ಲಿ! ಅದೇ ತಂಡ 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಮಣಿಸಿ ಮೊದಲ ಬಾರಿ ಪ್ರಶಸ್ತಿ ಎತ್ತಿತು. ಇನ್ನೊಂದು ಮಾತು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಮೊದಲ ಸಲ ಚಾಂಪಿಯನ್ ಆದಾಗ ಅದರ ತರಬೇತುದಾರರು ಯಾರು ಗೊತ್ತೇ? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅದೇ ವರ್ಷ ಡಿಸೆಂಬರ್ 29ರಂದು ಲೀಗಿನ ಫೈನಲ್ ಪಂದ್ಯವೇ ಬಾಲೇವಾಡಿಯಲ್ಲಿ ನಡೆಯಿತು.

ಆಗಲೇ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಂದು ಕೂಟಕ್ಕೆಂದು ಕಟ್ಟಿದ್ದು ಉಳಿಯಬೇಕಾದರೆ ಬೇರೆ ಬೇರೆ ಆಟಗಳನ್ನೂ ಬೇರೆ ಊರಿನವರನ್ನೂ ಒಳಗೆ ಕರೆಯಬೇಕು. ಬಾಗಿಲು ಮುಚ್ಚಿದರೆ ಅದು ಬರೀ ಸಿಮೆಂಟು, ತೆರೆದರೆ ಅಂಗಳ. ಊರು ಬಿಟ್ಟು ಬಂದು ಪುಣೆಯಲ್ಲಿ ಮನೆ ಮಾಡಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕೆ?

ಮುಂದಿನ ಸಲ ಅಲ್ಲಿ ಪಂದ್ಯವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಯಾವ ತಂಡಕ್ಕೆ ಚಪ್ಪಾಳೆ ಎಂಬುದು ನಿಮ್ಮಿಷ್ಟ! ಮತ್ತೆ ಸಿಗೋಣ, ಕೇಳುತ್ತಾ ಇರಿ.