ಎಲ್ಲ ಕುತ್ತಿಗೆ ನೋವಿಗೂ ಲ್ಯಾಪ್‌ಟಾಪೇ ಕಾರಣವಲ್ಲ

ಕೋಡಿಂಗ್ ಕೆಲಸದಲ್ಲಿದ್ದಾಗ ನಾನು ದೊಡ್ಡನೆಕ್ಕುಂದಿಯ ಒಂದು ಪಿಜಿಯಲ್ಲಿದ್ದೆ. ಕುತ್ತಿಗೆ ನೋವು ಇಲ್ಲದವರು ಅಲ್ಲಿ ಯಾರೂ ಇರಲಿಲ್ಲ ಅನ್ನಬಹುದು. ಔಟರ್ ರಿಂಗ್ ರೋಡ್ ಟ್ರಾಫಿಕ್ಕು, ಮಂಚದ ಮೇಲೆ ಕೂತು ಮಾಡುವ ಕಾಲ್‌ಗಳು, ಕಾರಣಗಳಿಗೇನು ಬರ? ಯಾರಾದರೂ ನೋವು ಅಂದರೆ ಉತ್ತರ ರೆಡಿ ಇರುತ್ತಿತ್ತು: "ನೆಟ್ಟಗೆ ಕೂತ್ಕೋ ಗುರು, ಸರಿಹೋಗುತ್ತೆ."

ಬಹುತೇಕರಿಗೆ ಈ ಉತ್ತರ ಸಾಕು. ಆದರೆ ಕೆಲವೇ ಕೆಲವರಿಗೆ ನೋವು ಬರುವುದು ಸ್ನಾಯುವಿನಿಂದಲ್ಲ, ಕತ್ತಿನ ಮೂಳೆಯೊಳಗೆ ಬೆಳೆದ ಸಣ್ಣ ಗಡ್ಡೆಯಿಂದ.

ಕ್ಯಾನ್ಸರ್ ಅಲ್ಲ, ಆದರೂ ನೋವು

ಇವುಗಳಲ್ಲಿ ಮುಖ್ಯವಾದವು ಎರಡು. ಒಂದು ಆಸ್ಟಿಯಾಯ್ಡ್ ಆಸ್ಟಿಯೋಮಾ, ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದು. ಇನ್ನೊಂದು ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಆಸ್ಟಿಯೋಬ್ಲಾಸ್ಟೋಮಾ. ಎರಡೂ ಕ್ಯಾನ್ಸರ್ ಅಲ್ಲ. ಎರಡೂ ಹೆಚ್ಚಾಗಿ ಕಾಣಿಸುವುದು 10ರಿಂದ 30ರ ವಯಸ್ಸಿನಲ್ಲಿ. ಅಂದರೆ ಮಹದೇವಪುರದ ಪಿಜಿಗಳನ್ನು ತುಂಬಿರುವ ವಯಸ್ಸೂ ಇದರೊಳಗೇ ಬರುತ್ತದೆ.

ಆಸ್ಟಿಯಾಯ್ಡ್ ಆಸ್ಟಿಯೋಮಾದ ನಡುವಿನ ಪುಟ್ಟ ತಿರುಳು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ವಿಪರೀತ ತಯಾರಿಸುತ್ತದೆ. ನೋವು, ಉರಿಯೂತ ಎರಡಕ್ಕೂ ಅದೇ ಮೂಲ. ಹಾಗಾಗಿ ಸುಮ್ಮನೆ ಮಲಗಿದ್ದರೂ ನೋವಾಗುತ್ತದೆ, ರಾತ್ರಿ ಇನ್ನೂ ಜಾಸ್ತಿ. ಆಸ್ಪಿರಿನ್, ಐಬುಪ್ರೊಫೆನ್ ತಡೆಯುವುದು ಇದೇ ರಾಸಾಯನಿಕದ ತಯಾರಿಯನ್ನು, ಆದ್ದರಿಂದ ಮಾತ್ರೆ ನುಂಗಿದರೆ ಚೆನ್ನಾಗಿ ಕೇಳುತ್ತದೆ. ಎಡವಟ್ಟಾಗುವುದು ಇಲ್ಲೇ. ಮೆಡಿಕಲ್ ಶಾಪ್ ಮಾತ್ರೆಗೆ ನೋವು ಕಡಿಮೆಯಾದರೆ ಯಾರು ತಾನೇ ಸ್ಕ್ಯಾನ್ ಮಾಡಿಸುತ್ತಾರೆ?

ಮಾಡಿಸಿದರೂ ಸಿಗುವ ಖಾತ್ರಿಯಿಲ್ಲ. ಕತ್ತಿನ ಮೂಳೆಗಳು ಒಂದರ ಮೇಲೊಂದು ಬಿದ್ದು ಕಾಣುವುದರಿಂದ ಎಕ್ಸ್‌ರೇಯಲ್ಲಿ ಗಡ್ಡೆ ತಪ್ಪಿಹೋಗಬಹುದು. ಎಂಆರ್‌ಐನಲ್ಲಿ ಸುತ್ತಲಿನ ಊತ ಕಂಡು, ತಿರುಳು ಕಾಣದೇ ಹೋಗಬಹುದು. ಅದನ್ನು ಚೆನ್ನಾಗಿ ತೋರಿಸುವುದು ತೆಳು ಪದರಗಳ ಸಿಟಿ ಸ್ಕ್ಯಾನ್.

ಗೊತ್ತಾದರೆ ಚಿಕಿತ್ಸೆ ಇದೆ. ಜಾಗ ಸುರಕ್ಷಿತವಾಗಿದ್ದರೆ ಸೂಜಿ ತೂರಿಸಿ ರೇಡಿಯೋ ತರಂಗದ ಶಾಖದಿಂದ ತಿರುಳನ್ನು ಸುಡುತ್ತಾರೆ. ನರಕ್ಕೆ ತೀರಾ ಹತ್ತಿರವಿದ್ದರೆ ಆಪರೇಷನ್. ಆಸ್ಟಿಯೋಬ್ಲಾಸ್ಟೋಮಾ ಬೆಳೆದು ಬೆನ್ನುಹುರಿಯನ್ನು ಒತ್ತಬಹುದಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ರಿಪೋರ್ಟಿನಲ್ಲಿ 'ಹೆಮಾಂಜಿಯೋಮಾ' ಅಂತ ಇದ್ದರೆ ಗಾಬರಿ ಬೇಡ. ಅದು ತುಂಬ ಜನರಲ್ಲಿರುತ್ತದೆ, ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ.

ಇದರಲ್ಲಿ ರಾಜಕೀಯ ಎಲ್ಲಿದೆ?

2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪ ರಾಜ್ಯದಲ್ಲಿ ಬಂತು. ನೌಕರರ ಸಂಘ ಕಿಟು ಅದನ್ನು ವಿರೋಧಿಸಿತು. ಹೆಚ್ಚು ದುಡಿದರೆ ಗಡ್ಡೆ ಬೆಳೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲರಿಗೂ ಕುತ್ತಿಗೆ ನೋಯುವ ಕಡೆ, ಬೇರೆ ಥರದ ನೋವನ್ನು ಗುರುತಿಸುವುದು ಹೇಗೆ? ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗುವವರಿಗೆ 'ರಾತ್ರಿ ನೋವು' ಎಂಬ ಸುಳಿವೇ ಕೈತಪ್ಪಬಹುದು.

ದುಡ್ಡಿನ ಕಥೆಯೂ ಹೀಗೇ. ಇಎಸ್‌ಐ ಸಂಬಳದ ಮಿತಿ 2017ರಿಂದ ತಿಂಗಳಿಗೆ 21,000 ರೂಪಾಯಿ. ಅದನ್ನು ಸ್ವಲ್ಪವೇ ದಾಟಿದವರಿಗೆ ಉಳಿಯುವುದು ಕಂಪನಿ ಇನ್ಶೂರೆನ್ಸ್. ಅದು ಸಾಮಾನ್ಯವಾಗಿ ಅಡ್ಮಿಟ್ ಆದರಷ್ಟೇ ದುಡ್ಡು ಕೊಡುತ್ತದೆ. ಅನುಮಾನದ ಮೇಲೆ ಮಾಡಿಸುವ ಸಿಟಿ ಸ್ಕ್ಯಾನ್ ನಮ್ಮ ಜೇಬಿನದೇ. ಕೆಲಸ ಹೋದರೆ ಆ ಇನ್ಶೂರೆನ್ಸೂ ಹೋಗುತ್ತದೆ. ಆಫೀಸಿನಲ್ಲಿ ಒಳ್ಳೆ ಕುರ್ಚಿ ಕೇಳುವವರು ಹೊರರೋಗಿ ತಪಾಸಣೆಯ ಖರ್ಚನ್ನೂ ಕೇಳಬೇಕು.

ಅಲ್ಲಿಯವರೆಗೆ ಇಷ್ಟು ನೆನಪಿಡಿ. ನೋವು ಒಂದೇ ಜಾಗದಲ್ಲಿ ವಾರಗಟ್ಟಲೆ ಇದ್ದರೆ, ನಿದ್ದೆಯಿಂದ ಎಬ್ಬಿಸಿದರೆ, ಮಾತ್ರೆಗೆ ತಗ್ಗಿ ಮತ್ತೆ ಬಂದರೆ, ಕತ್ತು ಒಂದು ಕಡೆ ವಾಲಿದರೆ ಮೂಳೆ ಡಾಕ್ಟರಿಗೆ ತೋರಿಸಿ. ಯಾವಾಗ ನೋಯುತ್ತದೆ, ಯಾವ ಮಾತ್ರೆಗೆ ಕಡಿಮೆಯಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ ಒಂದು ದಿನವೂ ಕಾಯಬೇಡಿ. ಖಾಸಗಿ ಆಸ್ಪತ್ರೆ ಕೈಗೆಟುಕದಿದ್ದರೆ ಜಯನಗರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ, ನರದ ತೊಂದರೆಗೆ ನಿಮ್ಹಾನ್ಸ್ ಇದೆ. ದೊಡ್ಡನೆಕ್ಕುಂದಿಯಿಂದ ಎರಡೂ ದೂರವೇ, ಆದರೂ ಒಂದು ದಿನ ರಜೆ ಹಾಕಿ ಹೋಗಿಬನ್ನಿ.